ಖಾಲಿ ಬಿಟ್ಟ ನಾಲ್ಕು ಮನೆ

ಚಳ್ಳಕೆರೆಯ ಎಪಿಎಂಸಿ ಯಾರ್ಡಿನಲ್ಲಿ ಓಂಕಾರಮೂರ್ತಿಯನ್ನು ಯಾರೂ ಯಾವತ್ತೂ 'ಸರ್' ಎಂದು ಕರೆದದ್ದಿಲ್ಲ. ಶೇಂಗಾ ಚೀಲ ಇಳಿಸಿದ ರೈತರು ಗಾದಿಯ ಮೇಲೆ ಕೂತ ಅವನ ಭುಜದಾಚೆಗೆ ಇಣುಕಿ, "ಮರುಳಪ್ಪಾರು ಇಲ್ವಾ?" ಎಂದು ಕೇಳುತ್ತಿದ್ದರು. ಮರುಳಪ್ಪ ಅವನ ಅಣ್ಣ. ದಲ್ಲಾಳಿ ಅಂಗಡಿಯ ಬೋರ್ಡಿನ ಮೇಲೆ 'ಮರುಳಪ್ಪ ಮತ್ತು ಸಹೋದರ' ಎಂದು ಬರೆದಿತ್ತು. ಓಂಕಾರಮೂರ್ತಿ ಆ 'ಮತ್ತು ಸಹೋದರ'. "ಅಣ್ಣ ಬರ್ತಾರೆ, ಕೂತ್ಕಳ್ರಿ" ಎನ್ನುವುದೇ ಅವನ ವ್ಯಾಪಾರ. ಚಿತ್ರದುರ್ಗದಲ್ಲಿ ಬಿ.ಎ. ಮಾಡಿಕೊಂಡು ಬಂದಿದ್ದ. ಆ ಪದವಿಯಿಂದ ಇಷ್ಟು ವರ್ಷಗಳಲ್ಲಿ ಯಾರಿಗೂ ಯಾವ ತೊಂದರೆಯೂ ಆಗಿರಲಿಲ್ಲ.

ಅವನಿಗೆ ಒಂದು ಚಟವಿತ್ತು. ಎಲೆಯಡಿಕೆಯದಲ್ಲ, ಇಸ್ಪೀಟಿನದೂ ಅಲ್ಲ. ಅವೆರಡರಲ್ಲಿ ಒಂದಾಗಿದ್ದರೂ ಹೆಂಡತಿ ಅನ್ನಪೂರ್ಣಮ್ಮ ನಾಲ್ಕು ಜನರ ಮುಂದೆ ಹೇಳಿಕೊಂಡು ಅತ್ತಾದರೂ ಹಗುರಾಗುತ್ತಿದ್ದಳು. ಇದು ಪದಬಂಧದ ಚಟ. ದುರ್ಗಕ್ಕೂ ಬಳ್ಳಾರಿಗೂ ನಡುವೆ ಮಾತ್ರ ಓದಿಸಿಕೊಳ್ಳುತ್ತಿದ್ದ ಒಂದು ಸಣ್ಣ ಪತ್ರಿಕೆಯ ಭಾನುವಾರದ ಪುಟದಲ್ಲಿ ಅದು ಬರುತ್ತಿತ್ತು. ಆ ಪತ್ರಿಕೆ ಕೈಗೆ ಬಂದರೆ ಓಂಕಾರಮೂರ್ತಿ ಮೊದಲು ಹಿಂದಿನ ಪುಟ ತೆಗೆಯುತ್ತಿದ್ದ. ಯಾವ ಸರಕಾರ ಬಿದ್ದರೂ ಅವನಿಗೆ ತಿಳಿಯುತ್ತಿದ್ದುದು ಸೋಮವಾರ.

ಹಳ್ಳಿಗಳಿಗೂ ಇಂಟರ್ನೆಟ್ಟು ಬಂದೇ ಬಿಟ್ಟಿತು ಎಂದು ಎಲ್ಲರೂ ಮಾತಾಡುತ್ತಿದ್ದ ಕಾಲ ಅದು. ಬಸ್ ಸ್ಟ್ಯಾಂಡಿನ ಹಿಂದೆ ವೀರೇಶ ಎಂಬವನು ಸೈಬರ್ ಕೆಫೆ ಇಟ್ಟಿದ್ದ. ಒಂದೊಂದು ಕಂಪ್ಯೂಟರಿಗೂ ಪ್ಲೈವುಡ್ ಗೂಡು, ಗೂಡಿಗೊಂದು ಪರದೆ. ಐವತ್ತರ ಹತ್ತಿರದ, ಹಣೆಯಲ್ಲಿ ವಿಭೂತಿ ಇರುವ ಗಿರಾಕಿ ಒಳಗೆ ಬಂದಾಗ ವೀರೇಶ ಬಹಳ ತಿಳಿದವನಂತೆ ಪರದೆ ಎಳೆದುಕೊಟ್ಟ. ಓಂಕಾರಮೂರ್ತಿ ಅದನ್ನು ಪೂರ್ತಿ ಸರಿಸಿ, ರಸ್ತೆಗೆ ಕಾಣುವಂತೆ ಕೂತ. ಎರಡು ತಿಂಗಳು ಇಣುಕಿ ನೋಡಿದ ಮೇಲೆ ವೀರೇಶನಿಗೆ ಬೇಸರವಾಯಿತು.

"ಅದೇನ್ ಸಾರ್ ದಿನಾ ನೋಡ್ತೀರಾ? ಬರೀ ಅಕ್ಷರ."

"ಪದಬಂಧ."

"ಅಷ್ಟಕ್ಕೇ ಈ ಪಾಟಿ ಬೆವರ್ತೀರಾ?"

ಮೇಲ್‌ಗಳಲ್ಲೇ ನಡೆಯುತ್ತಿದ್ದ ಗುಂಪು ಅದು. ಆ ಪತ್ರಿಕೆಯ ಪದಬಂಧವನ್ನು ಎಲ್ಲರೂ ಸೇರಿ ಬಿಡಿಸುವ ಎಂಟು ಹತ್ತು ಜನ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತಿದ್ದರು, ಓದುವಾಗ ನಾಲಿಗೆ ಒಮ್ಮೊಮ್ಮೆ ಉಳುಕುತ್ತಿತ್ತು. ಕಟ್ಟಿದವರು ಬಳ್ಳಾರಿಯ ಜಂಬುಲಿಂಗಪ್ಪ, ಕೃಷಿ ಇಲಾಖೆಯಿಂದ ನಿವೃತ್ತರು. ಅವರು ಹಾಕಿದ ನಿಯಮಕ್ಕೆ ಪಂಕ್ತಿ ನಿಯಮ ಎಂದು ಹೆಸರು. ಊಟದ ಪಂಕ್ತಿಯಲ್ಲಿ ಪಕ್ಕದವನ ಎಲೆಗೆ ಕೈ ಹಾಕುವ ಹಾಗಿಲ್ಲ, ಎಲ್ಲರದೂ ಮುಗಿಯುವ ತನಕ ಏಳುವ ಹಾಗಿಲ್ಲ. ಇಲ್ಲಿಯೂ ಹಾಗೆಯೇ. ಹಳೆಗನ್ನಡದ ಪದ ಬಂದರೆ ಜಂಬುಲಿಂಗಪ್ಪನವರದು. ವಿಜ್ಞಾನ, ಕ್ರಿಕೆಟ್ಟು ಹಿರಿಯೂರಿನ ಮೇಷ್ಟರಮ್ಮ ದೀಪಿಕಾ ಅವರದು. ಅಡುಗೆ, ಹೊಲಮನೆ ರಾಂಪುರದ ಉಚ್ಚಂಗೆಮ್ಮನವರದು. ವ್ಯಾಪಾರದ ಮಾತು, ಅಳತೆ, ತೂಕ ಓಂಕಾರಮೂರ್ತಿಯದು. ನಿಮಗೆ ಗೊತ್ತಿದ್ದರೂ ಇನ್ನೊಬ್ಬರ ಉತ್ತರ ಹೇಳಬಾರದು. ಅವರು ಬರುವವರೆಗೆ ಕಾಯಬೇಕು.

ಅಲ್ಲಿ ಅವನು 'ಓಂಕಾರಮೂರ್ತಿ ಸರ್' ಆಗಿದ್ದ. 'ಸರ್ ಬರಲಿ, ಎಂಟನೆಯದು ಅವರದು' ಎಂದು ಯಾರಾದರೂ ಬರೆದರೆ ಅದನ್ನು ಎರಡು ಸಲ ಓದುತ್ತಿದ್ದ. ಅವನ ಅವ್ವ ತೀರಿಕೊಂಡಾಗ ಕರ್ಮಾಂತರವೆಂದು ಎರಡು ಭಾನುವಾರ ಹೋಗಿರಲಿಲ್ಲ. ಮನೆಯಲ್ಲಿ ಅವನ ಪಾಲಿನ ಕೆಲಸವನ್ನೆಲ್ಲ ಅಣ್ಣನೇ ಮಾಡಿ ಮುಗಿಸಿದ್ದ, ಅವನು ಕೈ ಕಟ್ಟಿ ನಿಂತಿದ್ದೇ ಬಂತು. ಆಮೇಲೆ ವೀರೇಶನ ಗೂಡಿನಲ್ಲಿ ಕೂತು ಮೇಲ್ ತೆಗೆದರೆ ಎರಡು ವಾರದ ಪದಬಂಧಗಳಲ್ಲೂ ಅವನ ಮನೆಗಳು ಖಾಲಿ ಇದ್ದವು. ಯಾರೂ ತುಂಬಿರಲಿಲ್ಲ, ಕಾದಿದ್ದರು. ಅವ್ವನ ಹೆಣದ ಮುಂದೆ ಬಾರದ ಅಳು ಅವನಿಗೆ ಅಲ್ಲಿ ಬಂತು. ವೀರೇಶ ಸುಮ್ಮನೆ ಬಂದು ಪರದೆ ಎಳೆದ.

ಇಷ್ಟು ಸಭ್ಯರಾದ ಜನ ಮಾಡಬಹುದಾದ ತಪ್ಪನ್ನೇ ಇವರೂ ಮಾಡುತ್ತಿದ್ದರು. ಸರಿಯಾಗಿ ತುಂಬಿದ ಚೌಕವನ್ನು ಪತ್ರಿಕೆಯಿಂದ ಕತ್ತರಿಸಿ ಅಂಚೆ ಕಾರ್ಡಿಗೆ ಅಂಟಿಸಿ ಕಳಿಸಿದರೆ ಪತ್ರಿಕೆಯವರು ಹೆಸರು ಅಚ್ಚು ಹಾಕುತ್ತಿದ್ದರು. ಆದರೆ ಎಲ್ಲರೂ ಸೇರಿ ಬಿಡಿಸಿದ್ದನ್ನು ಒಬ್ಬನು ತನ್ನ ಹೆಸರಿನಲ್ಲಿ ಕಳಿಸುವುದು ಹೇಗೆ? ಹಾಗಾಗಿ ಯಾರೂ ಕಳಿಸುತ್ತಿರಲಿಲ್ಲ. ಆ ಪದಬಂಧ ಬಿಡಿಸುವವರು ಆ ಸೀಮೆಯಲ್ಲಿ ಬಹುಪಾಲು ಇವರೇ ಎಂಬುದು ಇವರಿಗೂ ಗೊತ್ತಿರಲಿಲ್ಲ, ಪತ್ರಿಕೆಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಪದಬಂಧದ ಕೆಳಗೆ ಸಣ್ಣಕ್ಷರದಲ್ಲಿ ಹೀಗಿತ್ತು: 'ಹಲವು ವಾರಗಳಿಂದ ಒಂದೂ ಉತ್ತರ ಬಂದಿಲ್ಲ. ಓದುಗರಿಗೆ ಆಸಕ್ತಿ ಇಲ್ಲವೆಂದು ಕಾಣುತ್ತದೆ. ಈ ವಾರವೂ ಸರಿಯುತ್ತರಗಳು ಬಾರದಿದ್ದರೆ ಪದಬಂಧವನ್ನು ನಿಲ್ಲಿಸಲಾಗುವುದು.'

ಓಂಕಾರಮೂರ್ತಿ ಚಪ್ಪಲಿ ಮೆಟ್ಟಿಕೊಂಡು ವೀರೇಶನ ಬಾಗಿಲಿಗೆ ಓಡಿದ. 'ಎಲ್ಲರೂ ಒಂದೊಂದು ಕಾರ್ಡು ಹಾಕೋಣ' ಎಂದು ಬರೆದ. ಜಂಬುಲಿಂಗಪ್ಪನವರ ಉತ್ತರ ಸಂಜೆಗೆ ಬಂತು. ಒಟ್ಟಿಗೆ ಬಿಡಿಸಿ ಬೇರೆಬೇರೆಯಾಗಿ ಕಳಿಸುವುದು ವಂಚನೆಯಾಗುತ್ತದೆಯೋ ಹೇಗೆ ಎಂದು ಮೊದಲು ಚರ್ಚಿಸಬೇಕು, ಪ್ರತಿಯೊಬ್ಬರೂ ಸರದಿಯ ಪ್ರಕಾರ ಅಭಿಪ್ರಾಯ ತಿಳಿಸಲಿ ಎಂದಿದ್ದರು. ದೀಪಿಕಾ ಅವರು ತಮ್ಮ ಸರದಿಯಲ್ಲಿ, ಹಿರಿಯರು ಹೇಳಿದಂತೆ ಎಂದರು. ಆಮೇಲೆ ಉಚ್ಚಂಗೆಮ್ಮನವರ ಸರದಿ. ಅವರು ಬರೆಯಲಿಲ್ಲ. ಚರ್ಚೆ ಅಲ್ಲಿಗೇ ನಿಂತುಕೊಂಡಿತು.

ಮಂಗಳವಾರ ಬೆಳಿಗ್ಗೆ ಅವನು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಮಾರಾಟವಾಗದೆ ಉಳಿದಿದ್ದ ಆ ಪತ್ರಿಕೆಯ ಪ್ರತಿಗಳನ್ನೆಲ್ಲ ಎತ್ತಿಕೊಂಡು ಬಂದ. ಹೆಂಡತಿಯ ಹತ್ತಿರ ಮೈದಾ ಅಂಟು ಮಾಡಿಕೊಡು ಎಂದ.

"ಯಾವ ಎಲೆಕ್ಷನ್ನೂ ಇಲ್ವಲ್ರಿ," ಎಂದಳು ಅನ್ನಪೂರ್ಣಮ್ಮ. "ಯಾರ ಪೋಸ್ಟರ್ ಅಂಟಿಸಾಕೆ ಹೊಂಟೀರಿ?"

"ಒಂದು ಸಂಸ್ಥೆ ಉಳಿಸ್ಬೇಕಾಗೈತೆ."

"ಅಂಗಡಿ ಉಳಿಸ್ರಿ ಮೊದ್ಲು. ನಿಮ್ಮಣ್ಣ ನಿಮ್ಮನ್ನ ತೂಕಕ್ಕಿಡಾ ಕಲ್ಲು ಅಂದ್ಕಂಡಾನೆ." ಅಷ್ಟು ಹೇಳಿಯೂ ಅಂಟನ್ನು ಗಂಟಿಲ್ಲದಂತೆ ಕಾಯಿಸಿಕೊಟ್ಟಳು.

ಒಬ್ಬನ ಅಕ್ಷರದಲ್ಲೇ ಎಲ್ಲ ಕಾರ್ಡು ಹೋದರೆ ಸಿಕ್ಕಿಬೀಳುತ್ತೇನೆ ಎನ್ನುವಷ್ಟು ಬುದ್ಧಿ ಅವನಿಗಿತ್ತು. ಬುಧವಾರ ಅಣ್ಣ ಊಟಕ್ಕೆ ಹೋದ ಹೊತ್ತಿನಲ್ಲಿ ಹಮಾಲಿಗಳಾದ ಕ್ಯಾತಣ್ಣ, ಪಾತಣ್ಣ, ಅಂಜಿನೇಯರನ್ನು ಚೀಲಗಳ ಮೇಲೆ ಕೂರಿಸಿ, ಗುಂಪಿಗೆ ಬಂದ ಉತ್ತರಗಳಿಂದ ತಾನು ತುಂಬಿದ ಚೌಕವನ್ನು ಮುಂದಿಟ್ಟು ನೋಡಿ ಬರೆಯಿರಿ ಎಂದ.

"ಇದು ಸಾಲದ ಕಾಗ್ದ ಅಲ್ತಾನೆ ಸಾಮಿ?" ಎಂದ ಕ್ಯಾತಣ್ಣ.

"ಅಲ್ಲ ಮಾರಾಯ. ಪೇಪರಿನ ಅಭಿಮಾನಿಗಳು ನೀವು."

"ಯಾವ ಪೇಪರು?"

"ಇದೇ."

ಕ್ಯಾತಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಬಜ್ಜಿ ಕಟ್ಟಿಸ್ಕಂಡು ತಿಂದಿದೀನಿ. ಚಲೋ ಪೇಪರು."

ಪಾತಣ್ಣ ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಇಳಿಸುತ್ತ ಬಂದವನು ತಟ್ಟನೆ ನಿಂತ. "ಇಲ್ಲಿ ನಾಕು ಮನೆ ಖಾಲಿ ಬಿಟ್ಟೀರಲ್ಲ ಸಾಮಿ."

"ಅದು ರಾಂಪುರದ ಉಚ್ಚಂಗೆಮ್ಮನವರದು. ಅವ್ರು ಹೇಳ್ಬೇಕು."

"ಏನು ಕೇಳ್ಯಾರೆ?"

"ಬೆಳೆ ಕಾಯಾಕೆ ಹೊಲದಾಗೆ ಕಟ್ಟೋ ಎತ್ತರದ ಜಾಗ."

"ಅಟ್ಟಣಿಗೆ," ಎಂದರು ಮೂವರೂ ಒಟ್ಟಿಗೆ.

"ನಂಗೂ ಗೊತ್ತೈತೆ."

"ಗೊತ್ತಿದ್ರೆ ಬರೀರಿ ಮತ್ತೆ."

"ಗೊತ್ತಿದ್ದ ಮಾತ್ರಕ್ಕೆ ಬರೆದುಬಿಡೋದೇನ್ಲೇ?"

ಮೂವರೂ ಮುಖಮುಖ ನೋಡಿಕೊಂಡರು. ಅಂಜಿನೇಯ ಮೆಲ್ಲಗೆ, "ಓದ್ದೋರ ವಿಷ್ಯ, ಸುಮ್ನಿರ್ಲೇ" ಎಂದ.

ಉಚ್ಚಂಗೆಮ್ಮನವರು ಮೇಲ್ ಹಾಕಿದ ಕೂಡಲೇ ಆ ಮನೆಗಳನ್ನೂ ತುಂಬಿ ಅಂಚೆಗೆ ಹಾಕುವುದು ಓಂಕಾರಮೂರ್ತಿಯ ಲೆಕ್ಕಾಚಾರ. ಕಾರ್ಡುಗಳನ್ನು ಕೈಚೀಲದಲ್ಲಿಟ್ಟುಕೊಂಡು ಮಧ್ಯಾಹ್ನವೆಲ್ಲ ವೀರೇಶನ ಗೂಡಿನಲ್ಲಿ ಕೂತ. ಮೇಲ್ ಬರಲಿಲ್ಲ. ರಾಂಪುರದ ಕಡೆ ಕರೆಂಟು ತೆಗೆದಿರಬೇಕು ಎಂದುಕೊಂಡ. ಅವರ ಫೋನ್ ನಂಬರ್ ಅವನ ಹತ್ತಿರ ಇರಲಿಲ್ಲ. ಹೆಂಗಸರ ನಂಬರ್ ಕೇಳುವುದು ಸಭ್ಯತೆಯಲ್ಲ ಎಂದು ಯಾರೂ ಕೇಳಿರಲಿಲ್ಲ. ಪ್ರತಿ ಮೇಲ್‌ನ ಕೊನೆಗೆ ಅವರು ಹಾಕುತ್ತಿದ್ದ 'ಉಚ್ಚಂಗೆಮ್ಮ, ಫ್ಯಾನ್ಸಿ ಸ್ಟೋರ್, ರಾಂಪುರ' ಎಂಬುದಷ್ಟೇ ಗೊತ್ತು.

ಟಪಾಲು ತೆಗೆಯುವ ಹೊತ್ತಾಯಿತು. ಇವತ್ತು ಹೋಗದಿದ್ದರೆ ಕಾರ್ಡು ಸಮಯಕ್ಕೆ ಮುಟ್ಟುವುದಿಲ್ಲ. ಅಂಚೆ ಕಚೇರಿಯ ಕಟ್ಟೆಯ ಮೇಲೆ ಕಾರ್ಡುಗಳನ್ನು ಹರಡಿಕೊಂಡು ಪೆನ್ನಿನ ಮುಚ್ಚಳ ತೆಗೆದ. ನಾಲ್ಕು ಅಕ್ಷರ. ಬರೆದರೆ ಪದಬಂಧ ಉಳಿಯುತ್ತದೆ, ಭಾನುವಾರ ಉಳಿಯುತ್ತದೆ, 'ಸರ್' ಎಂಬುದೂ ಉಳಿಯುತ್ತದೆ. ಪೆನ್ನು ಮನೆಯ ಮೇಲೆ ಬಂತು. ತನ್ನ ಖಾಲಿ ಮನೆಗಳು ಎರಡು ವಾರ ಹಾಗೆಯೇ ಕಾದಿದ್ದು ಕಣ್ಣಿಗೆ ಕಟ್ಟಿತು. ತನ್ನ ಕೆಲಸವನ್ನು ಬೇರೆಯವರು ಮಾಡಿ ಮುಗಿಸಿದರೆ ಹೇಗಿರುತ್ತದೆ ಎಂದು ಅವನಷ್ಟು ಚೆನ್ನಾಗಿ ಬಲ್ಲವರು ಆ ತಾಲ್ಲೂಕಿನಲ್ಲಿ ಯಾರಿದ್ದರು? ಒಳಗಿನಿಂದ ಚೀಲ ಕಟ್ಟುವ ಸದ್ದು ಬಂತು. ಅವನು ಪೆನ್ನು ಮುಚ್ಚಿ ಕಾರ್ಡುಗಳನ್ನು ಹಾಗೆಯೇ ಹಾಕಿಬಿಟ್ಟ. ಸಂಪಾದಕರು ತಿಳಿದವರು, ಅರ್ಥ ಮಾಡಿಕೊಳ್ಳುತ್ತಾರೆ ಎಂದುಕೊಂಡ.

ಸಂಪಾದಕರು ಅರ್ಥ ಮಾಡಿಕೊಂಡರು. ಮುಂದಿನ ಭಾನುವಾರ ಅಚ್ಚಾಯಿತು: 'ಚಳ್ಳಕೆರೆ ಎಂಬ ಒಂದೇ ಊರಿನಿಂದ, ಒಂದೇ ಅಂಟಿನಲ್ಲಿ, ಒಂದೇ ಜಾಗವನ್ನು ಖಾಲಿ ಬಿಟ್ಟು ಕಳಿಸಿದ ಕಾರ್ಡುಗಳು ಬಂದಿವೆ. ಇಂಥ ಕುಚೇಷ್ಟೆಯನ್ನು ಪ್ರೋತ್ಸಾಹಿಸಲಾಗದು. ಪದಬಂಧ ಇಲ್ಲಿಗೆ ಮುಕ್ತಾಯ. ಮುಂದಿನ ವಾರದಿಂದ ಸುಡೊಕು.'

ಸಂಜೆ ಗುಂಪಿನಲ್ಲಿ ಜಂಬುಲಿಂಗಪ್ಪನವರು ಉದ್ದನೆಯ ಮೇಲ್ ಬರೆದಿದ್ದರು. ಯಾರೋ ಅವಿವೇಕಿಗಳು ನಮ್ಮೆಲ್ಲರ ಭಾನುವಾರವನ್ನು ಹಾಳು ಮಾಡಿದರು ಎಂದು ನೊಂದುಕೊಂಡು ಕೊನೆಗೆ, 'ಓಂಕಾರಮೂರ್ತಿ ಸರ್, ತಮ್ಮ ಊರಲ್ಲಿ ಅಂಥವರು ಯಾರಿದ್ದಾರೆ? ದಯಮಾಡಿ ವಿಚಾರಿಸಿ' ಎಂದಿದ್ದರು. ಓಂಕಾರಮೂರ್ತಿ 'ವಿಚಾರಿಸುತ್ತೇನೆ ಸರ್' ಎಂದು ಬರೆದ.

ಉಚ್ಚಂಗೆಮ್ಮನವರಿಂದ ಆಗಲೂ ಸದ್ದಿಲ್ಲ. ಅವರಿಗಾದರೂ ನಿಜ ಹೇಳಿ ಕ್ಷಮೆ ಕೇಳಬೇಕು ಅನ್ನಿಸಿ, ಅವನು ಬಳ್ಳಾರಿ ಬಸ್ಸು ಹತ್ತಿ ರಾಂಪುರದಲ್ಲಿ ಇಳಿದ. ಅಂಗಡಿ ಹುಡುಕುವುದೇನೂ ಕಷ್ಟವಾಗಲಿಲ್ಲ. ಬಳೆ, ರಿಬ್ಬನ್, ಪ್ಲಾಸ್ಟಿಕ್ ಕೊಡ. ಒಳಗೆ ಹಸಿರು ಬೆಳಕು ಹಿಂದೆಮುಂದೆ ಹರಿದಾಡುತ್ತಿತ್ತು. ಬಾಗಿಲ ಮುಂದೆ ರೇಷನ್ ಕಾರ್ಡು ಹಿಡಿದ ಜನರ ಸಾಲು. ದಪ್ಪನೆಯ, ಅವಸರದ ಹೆಂಗಸೊಬ್ಬರು ಕಾಗದಗಳನ್ನು ಯಂತ್ರದ ಬಾಯಿಗೆ ಕೊಡುತ್ತಿದ್ದರು.

"ನಾನು ಓಂಕಾರಮೂರ್ತಿ. ಚಳ್ಳಕೆರೆ. ಪದಬಂಧ."

"ಅಯ್ಯೋ, ಓಂಕಾರಮೂರ್ತಿ ಸಾರಾ? ಕೂರ್ಚೋಂಡಿ, ಕೂರ್ಚೋಂಡಿ." ಆಂಧ್ರದ ಗಡಿಯ ತೆಲುಗು ಬೆರೆಸಿ ಕರೆಯುತ್ತ ಸ್ಟೂಲು ಒರೆಸಿ ಕೊಟ್ಟರು. "ನೀವು ಪ್ಯಾಂಟ್ ಹಾಕ್ತೀರಿ ಅಂದ್ಕಂಡಿದ್ದೆ."

"ಬಹಳ ದಿನದಿಂದ ಕರೆಂಟಿಲ್ಲ ಏನೋ ಈ ಕಡೆ."

"ಕರೆಂಟಿಗೇನಾಗೈತೆ ಸಾರ್. ಕಂಪ್ಯೂಟರ್ ಮಾರಿಬಿಟ್ಟೆ. ಜೆರಾಕ್ಸ್ ತಗಂಡೆ. ಆ ಕಂಪ್ಯೂಟರಿಗೆ ನನ್ನ ಬಿಟ್ಟು ಇನ್ನೊಬ್ಬ ಗಿರಾಕಿ ಇರ್ಲಿಲ್ಲ."

"ಒಂದು ಮಾತು ಹೇಳ್ಬಹುದಿತ್ತಲ್ಲಮ್ಮ."

ಉಚ್ಚಂಗೆಮ್ಮ ಕಾಗದ ತಿರುವುವುದನ್ನು ನಿಲ್ಲಿಸಿದರು. "ಹೆಂಗ್ ಹೇಳ್ಲಿ ಸಾರ್? ಎಲ್ರೂ ಊಟ ಮಾಡ್ತಾ ಇರುವಾಗ ನಾನೊಬ್ಳು ಏಳ್ತೀನಿ ಅಂತ ಹೇಳಾಕಾಗ್ತದಾ? ಪಂಕ್ತಿ ನಿಯಮ ಅಲ್ವಾ? ನಾನಿಲ್ಲಾಂದ್ರೆ ನನ್ನ ಮನೆ ಯಾರಾದ್ರೂ ತುಂಬ್ಕಂತಾರೆ ಬಿಡು ಅಂದ್ಕಂಡೆ. ನಡೀತಾ ಐತೆ ತಾನೆ?"

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಕ್ಷಮೆಯ ಮಾತನ್ನು ಬಿಟ್ಟು ಅವನು ಸ್ಟೂಲಿನಿಂದ ಎದ್ದ.

"ನಡೀತಾ ಐತೆ," ಎಂದ.

"ಅಷ್ಟು ಸಾಕು ಬಿಡ್ರಿ," ಎಂದು ಅವರು ಸಾಲಿನ ಮುಂದಿನವನ ಕಾರ್ಡಿಗೆ ಕೈಚಾಚಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವನಿಗೆ ಹೊಸ ಭಯ ಹುಟ್ಟಿತು. ಉಚ್ಚಂಗೆಮ್ಮ ಹೇಳದೆ ಎದ್ದುಹೋಗಿರುವಾಗ ಉಳಿದವರು ಇದ್ದಾರೆ ಎಂದು ನಂಬುವುದು ಹೇಗೆ? ತಮ್ಮ ಪಾಲಿನ ಪದ ಯಾವುದೂ ಬಾರದೆ ತಿಂಗಳಿಂದ ಬರೆಯದ ನಾಲ್ಕೈದು ಹೆಸರುಗಳನ್ನು ನೆನಪಿಸಿಕೊಂಡ. ಸರದಿಗಾಗಿ ಸುಮ್ಮನಿದ್ದಾರೆ ಎಂದು ತಾನೇ ಎಲ್ಲರೂ ಅಂದುಕೊಂಡಿದ್ದು?

ಬಸ್ಸಿಳಿದು ನೇರ ವೀರೇಶನ ಗೂಡಿಗೆ ಹೋಗಿ, 'ಎಲ್ಲರೂ ಇದ್ದೀರಾ?' ಎಂದು ಬರೆದು ಕಳಿಸಿದ. ಜಂಬುಲಿಂಗಪ್ಪನವರಿಂದ ಮಾತ್ರ ಉತ್ತರ ಬಂತು. 'ನಾನಿದ್ದೇನೆ. ಉಳಿದವರು ಸರದಿಯ ಪ್ರಕಾರ ತಿಳಿಸಲಿ. ಮೊದಲು ಉಚ್ಚಂಗೆಮ್ಮನವರು.'

ಅವರು ಬರುವುದಿಲ್ಲ ಎಂದು ಅರ್ಧ ಕುಟ್ಟಿ ಅಳಿಸಿದ. 'ರಾಂಪುರದಲ್ಲಿ ಕರೆಂಟಿಲ್ಲ ಸರ್. ಕಾಯೋಣ' ಎಂದು ಬರೆದ.

ಮುಂದಿನ ಭಾನುವಾರವೂ ಹೋಗಿ ಕೂತ, ಅದರ ಮುಂದಿನದೂ. ಜಂಬುಲಿಂಗಪ್ಪನವರೂ ಬರೆಯಲಿಲ್ಲ. ಅವರು ಕಾಯುತ್ತಿದ್ದರೋ, ಎದ್ದುಹೋಗಿದ್ದರೋ ಗೊತ್ತಾಗುವ ದಾರಿ ಇರಲಿಲ್ಲ. ಪಕ್ಕದ ಗೂಡುಗಳೂ ಖಾಲಿಯಾಗಿದ್ದವು, ಹುಡುಗರೆಲ್ಲ ಮೊಬೈಲಿಗೆ ಹೋಗಿದ್ದರು. ವೀರೇಶ ಬಂದು ಹಿಂದೆ ನಿಂತು ತೆರೆ ನೋಡಿದ.

"ಏನೂ ಇಲ್ವಲ್ಲ ಸಾರ್."

"ಇಲ್ಲ."

"ಇನ್ನೂ ಕೂತ್ಕಂತೀರಾ?"

"ಈ ಕಂಪ್ಯೂಟರಿಗೆ ಬೇರೆ ಯಾರಾದ್ರೂ ಕಾಯ್ತಿದಾರಾ?"

"ಯಾರೂ ಇಲ್ಲ."

"ಹಂಗಾರೆ ಕೂತ್ಕಂತೀನಿ," ಎಂದ ಓಂಕಾರಮೂರ್ತಿ.