ನಬಿಸಾಬರ ಕೆಟ್ಟ ರಕ್ತ

ಹಲಗೇರಿಯ ನಬಿಸಾಬರು ನಲವತ್ತು ವರ್ಷ ಮುರಿದ ಎಲುಬು ಕೂಡಿಸಿದವರು. ಕಟ್ಟು ಕಟ್ಟುವವರು ಸುತ್ತಮುತ್ತ ಇನ್ನೂ ಇದ್ದರು. ಅವರ ಹಾಗೆ ತಿಕ್ಕುವವರು ಮಾತ್ರ ಇರಲಿಲ್ಲ. ಬಾತ ಜಾಗಕ್ಕೆ ಬಿಸಿ ಎಣ್ಣೆ ಸುರಿದು, ಹೆಬ್ಬೆರಳು ಊರಿ, ಒಳಗಿನ ಹೆಪ್ಪು ಚದುರುವ ತನಕ ತಿಕ್ಕುವರು. “ಕೆಟ್ಟ ರಕ್ತ ಐತಿ. ಅದು ಹೋಗೂತನಾ ಎಲುಬು ಕೂಡಂಗಿಲ್ಲ.” ರೋಗಿ ಎಷ್ಟು ಜೋರಾಗಿ ಕೂಗಿದರೆ ಸಾಬರ ಕೈಗುಣಕ್ಕೆ ಅಷ್ಟು ಹೆಸರು.

ಹೆಂಗಸರು ಬಂದರೆ ಕಟ್ಟುತ್ತಿದ್ದವಳು ಹೆಂಡತಿ ರೋಷನಬಿ. ಆಕೆ ತಿಕ್ಕುತ್ತಿರಲಿಲ್ಲ. ಎಲುಬು ಹೊಂದಿಸಿ, ಹತ್ತಿ ಇಟ್ಟು, ಬಿದಿರಿನ ದಬ್ಬೆ ಕಟ್ಟಿ ಕಳಿಸುವಳು. “ನಿನ್ನ ಕೈಯಾಗ ಕಸುವಿಲ್ಲ” ಎಂದು ನಬಿಸಾಬರು ಮರುಗುವರು. ಆಕೆ ಕಟ್ಟಿದ್ದು ಬೇಗ ಕೂಡುವುದನ್ನು ಅವರೂ ಕಂಡಿದ್ದರು. ಹೆಂಗಸರ ಎಲುಬು ಎಳೆಯದೆಂದು ಕಾರಣವನ್ನೂ ಹುಡುಕಿಕೊಂಡಿದ್ದರು.

ಹೋದ ವರ್ಷ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲದ ಮೇಲಿಂದ ಜಾರಿ ಬಿದ್ದು ಅವರ ಬಲ ಮುಂಗೈಯೇ ಮುರಿಯಿತು. ಇಪ್ಪತ್ತು ವರ್ಷದಿಂದ ಶಿಷ್ಯನಾಗಿದ್ದ ಮಹಮ್ಮದಗೌಸ ಎಣ್ಣೆ ಕಾಸಿ, ಕಲಿಸಿದಂತೆಯೇ ಹೆಬ್ಬೆರಳು ಊರಲು ಬಂದ. ನಬಿಸಾಬರು ಕೈಯನ್ನು ಎದೆಗೆ ಅವಚಿಕೊಂಡರು.

“ಮುಟ್ಟಬ್ಯಾಡ. ಅಕೀನ್ನ ಕರಿ.”

ರೋಷನಬಿ ದಬ್ಬೆ ಕಟ್ಟಿ, ರಾಣೆಬೆನ್ನೂರಿನ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರ್ ಸ್ನೇಹಾ ಕೈಯನ್ನೂ ಎಕ್ಸರೇಯನ್ನೂ ನೋಡಿದಳು.

“ತಿಕ್ಕಿಲ್ಲಲ್ಲ, ಚಲೋ ಆತು ಚಾಚಾ. ಎಲುಬು ಮುರದಾಗ ಥ್ರಾಂಬಿನ್ ಅನ್ನೋ ಎಂಜೈಮು ಅಲ್ಲಿ ರಕ್ತ ಹೆಪ್ಪುಗಟ್ಟಸತೈತಿ. ಹೆಪ್ಪಿನೊಳಗ ಬಲಿಯಂಗ ಎಳಿ ಹೆಣಕೋತಾವ. ಎಲುಬು ಕಟ್ಟೋ ಜೀವಕಣ ಅದನ್ನ ಹಿಡಕೊಂಡ ಕೆಲಸ ಸುರು ಮಾಡತಾವ. ಆಮ್ಯಾಲೆ ಆ ಹೆಪ್ಪನ್ನ ದೇಹ ತಾನ ಕರಗಸತೈತಿ.”

“ಹಂಗಾರ ತಿಕ್ಕಿಸಿಕೊಂಡವ್ರದು ಹೆಂಗ ಕೂಡತಿತ್ತವ್ವಾ?”

“ತಿಕ್ಕಿದ್ರೂ ಕೂಡತಿತ್ರಿ. ತಡಾ ಆಗಿ.”

ಊರಿಗೆ ಮರಳುವ ಬಸ್ಸಿನಲ್ಲಿ ನಬಿಸಾಬರು ಹೆಂಡತಿಯನ್ನು ಕೇಳಿದರು: “ನಿನಗ ಗೊತ್ತಿತ್ತೇನು?”

“ಆ ಹೆಸರು ಗೊತ್ತಿರಲಿಲ್ರಿ. ಮೊದಲ ನೊಂದವ್ರನ್ನ ಮತ್ತ ನೋಯಸಬಾರ್ದು ಅಂತ ಗೊತ್ತಿತ್ತು.”

ಕೈ ಕೂಡಿದ ಮೇಲೆ ನಬಿಸಾಬರು ತಿಕ್ಕುವುದನ್ನು ಬಿಟ್ಟರು. ಬಂದವರಿಗೆ ಥ್ರಾಂಬಿನ್ನಿನ ಕತೆ ಹೇಳಿ ಆಸ್ಪತ್ರೆಗೆ ಕಳಿಸತೊಡಗಿದರು. ಸಾಬರ ಕೈಗುಣ ಹೋಯಿತೆಂದು ಜನ ಮರುಗಿ ಮಹಮ್ಮದಗೌಸನ ಬಾಗಿಲಿಗೆ ಸಾಲುಗಟ್ಟಿದರು. ಐರಣಿಯ ವಿರೂಪಾಕ್ಷಪ್ಪ ಒಬ್ಬರೇ, ಮುರಿದ ಕೈ ಹಿಡಿದುಕೊಂಡು ಕತೆಯನ್ನು ಪೂರ್ತಿ ಕೇಳಿದರು.

“ಎಲ್ಲಾ ತಿಳೀತ್ರಿ ಸಾಬ್ರ. ಆ ಥ್ರಾಂಬಿನ್ ಎಣ್ಣಿ ಒಂದ ಬಾಟ್ಲಿ ಕೊಡ್ರಿ. ತಿಕ್ಕೋದು ನಾವ ತಿಕ್ಕೋತೇವಿ.”

ನಬಿಸಾಬರು ಚಪ್ಪಲಿ ಮೆಟ್ಟಿ, ಅವರ ಜೊತೆ ತಾವೇ ರಾಣೆಬೆನ್ನೂರು ಬಸ್ಸು ಹತ್ತಿದರು.