ಬೆಳ್ಮಣ್ಣಿಗೆ ಹೋದವರು

ವಿಚಿತ್ರ ಕಂಡೆ, ಮಾಯ ಕಂಡೆ ಎನ್ನುವವರ ಮುಖ ನೋಡಿ ನಗುತ್ತಿದ್ದವಳು ನಾನು. ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾ ಅರ್ಧ ಆಯುಷ್ಯ ಕಳೆದಿದ್ದೇನೆ. ಫಲಿತಾಂಶ ಏನಾದರೂ ವಿಚಿತ್ರವಾಗಿ ಬಂದರೆ ನಾವು ಗಾಬರಿಯಾಗುವುದಿಲ್ಲ, ಇನ್ನೊಮ್ಮೆ ಪರೀಕ್ಷೆ ಮಾಡುತ್ತೇವೆ. ಎರಡನೇ ಸಲ ಅದು ಹೆಚ್ಚಾಗಿ ಎಲ್ಲರ ಹಾಗೆಯೇ ಬರುತ್ತದೆ. ನೆರೆಮನೆಯವರು ಯಾರಾದರೂ ಕಣ್ಣರಳಿಸಿಕೊಂಡು ಹಾಗಾಯಿತು ಹೀಗಾಯಿತು ಎಂದು ಶುರುಮಾಡಿದರೆ, ಆ ದಿನ ನಿಮ್ಮ ಶುಗರ್ ಎಷ್ಟಿತ್ತು ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ಆದ್ದರಿಂದ ಈಗ ನಾನು ಬರೆಯುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನನಗೇ ಪೂರ್ತಿ ನಂಬಿಕೆ ಬಂದಿಲ್ಲ. ಆದರೆ ಆ ಮೀನು ಸಾರನ್ನು ನಾನು ಉಂಡದ್ದಂತೂ ಹೌದು.

ಮೊದಲು ಜಗಳದ ವಿಷಯ ಹೇಳಿಬಿಡುತ್ತೇನೆ. ನನ್ನ ಗಂಡ ಸದಾನಂದ ಮತ್ತು ಅವರ ಅಣ್ಣ ಭಾಸ್ಕರ ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿ ಬೆಳೆದವರು. ಅಣ್ಣ, ಅಂದರೆ ನನ್ನ ಭಾವ, ದೋಣಿಗೆ ಹೋಗಿ ದುಡಿದು ತಮ್ಮನನ್ನು ಓದಿಸಿದರು. ವಯಸ್ಸಾದ ಮೇಲೆ ಹೆಂಡತಿಯ ಊರಾದ ಬೆಳ್ಮಣ್ಣಿನಲ್ಲಿ ತೆಂಗಿನ ಬುಡಕ್ಕೆ ನೀರು ಬಿಟ್ಟುಕೊಂಡು ಕೂತರು. ಇವರು ಗಲ್ಫಿನಲ್ಲಿ ಹಡಗಿನ ಇಂಜಿನ್ ರಿಪೇರಿ ಮಾಡಿ, ಊರಿಗೆ ಮರಳಿ, ಉಡುಪಿಯ ಬನ್ನಂಜೆಯಲ್ಲಿ ಮನೆ ಕಟ್ಟಿಸಿದರು. ಆ ಮನೆಯ ಒಕ್ಕಲಿಗೇ, ಅಂದರೆ ಗೃಹಪ್ರವೇಶಕ್ಕೇ, ಎಡವಟ್ಟಾದದ್ದು.

ನಮ್ಮಲ್ಲಿ ಕರೆಯುವುದೆಂದರೆ ಮನೆಗೇ ಹೋಗಿ ಕರೆಯಬೇಕು. ಜಗಲಿಯಲ್ಲಿ ಕೂತು, ಅವರು ಕೊಟ್ಟ ನೀರು ಬೆಲ್ಲ ಮುಟ್ಟಿ, ಎಲ್ಲರೂ ಬರಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಕಾಗದವನ್ನು ಎಷ್ಟು ಚಂದ ಅಚ್ಚು ಹಾಕಿಸಿದರೂ ಅದು ಬಾಯಿಮಾತಿನ ಹಿಂದೆ ಬರುವಂಥದ್ದು. ಇವರು ಬೆಳ್ಮಣ್ಣಿಗೆ ಹೋದದ್ದೇನೋ ನಿಜ. ಆ ಹೊತ್ತಿಗೆ ಭಾವನ ಮನೆಗೆ ಬೀಗ. ಬಿಸಿಲು ಜೋರು, ಕರೆಯಬೇಕಾದ ಮನೆಗಳು ಇನ್ನೂ ತುಂಬಾ ಬಾಕಿ. ಕಾಗದವನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಬಂದುಬಿಟ್ಟರು, ಮತ್ತೆ ಹೋಗಲಿಲ್ಲ. ಭಾವ ಒಕ್ಕಲಿಗೆ ಬರಲಿಲ್ಲ. ಕರೆಂಟ್ ಬಿಲ್ಲು ಸಿಕ್ಕಿಸಿದ ಹಾಗೆ ಸಿಕ್ಕಿಸಿ ಹೋಗಿದ್ದಾನೆ ಎಂದರಂತೆ. ಬಿಸಿಲಿನಲ್ಲಿ ಅಷ್ಟು ದೂರ ಹೋದವನು ನಾನು, ಮನೆಯಲ್ಲಿ ಇಲ್ಲದಿದ್ದವರು ಅಣ್ಣ, ತಪ್ಪು ನನ್ನದು ಹೇಗೆ ಎಂದು ಇವರ ವಾದ. ಇಬ್ಬರು ಹೇಳುವುದರಲ್ಲೂ ನ್ಯಾಯ ಇದ್ದುದರಿಂದ ಜಗಳ ಮುಗಿಯುವ ದಾರಿಯೇ ಇರಲಿಲ್ಲ. ಇವರು ಅಣ್ಣನ ನಂಬರನ್ನು ಫೋನಿನಿಂದ ಅಳಿಸಿಹಾಕಿದರು. ನಾನೂ ವನಜಕ್ಕನೂ, ಅಂದರೆ ಭಾವನ ಹೆಂಡತಿ, ದಿನಾ ಸಂಜೆ ಇಬ್ಬರಿಗೂ ತಿಳಿಯದ ಹಾಗೆ ಮಾತಾಡುತ್ತಿದ್ದೆವು.

ಹೀಗೆ ವರ್ಷಗಳು ಹೋದವು. ಒಂದು ಸಂಜೆ ವನಜಕ್ಕ ಫೋನಿನಲ್ಲಿ ಅತ್ತರು. ಭಾವನ ಹೃದಯದ ನಾಳ ಕಟ್ಟಿಕೊಂಡಿದೆ, ಮಣಿಪಾಲದಲ್ಲಿ ಬೈಪಾಸ್ ಮಾಡುತ್ತಾರೆ, ತಿಂಗಳ ಕೊನೆಗೆ ದಿನ ಕೊಟ್ಟಿದ್ದಾರೆ ಎಂದರು. ಆಪರೇಷನ್ನಿಗೆ ಒಳಗೆ ಹೋಗುವ ಮೊದಲು ಅಣ್ಣ ತಮ್ಮ ಒಂದು ಮಾತಾದರೂ ಆಡಬೇಕು ಎಂದು ನಮ್ಮಿಬ್ಬರ ಆಸೆ. ಅದಕ್ಕಿಂತ ಹೆಚ್ಚಿನದು ಏನೂ ಬೇಕಿರಲಿಲ್ಲ. ನಾನು ಇವರಿಗೆ ಸುದ್ದಿ ಹೇಳಿದೆ. ಮುಖ ಸಣ್ಣದಾಯಿತು. ಆದರೂ ಅಣ್ಣ ಹೇಳಿ ಕಳಿಸಲಿ, ಹೋಗುತ್ತೇನೆ ಎಂದು ಪೇಪರ್ ಮಗುಚಿದರು. ಆ ಕಡೆ ಭಾವ, ಅವನು ಬಂದು ಕರೆಯಲಿ, ಹೋಗುತ್ತೇನೆ ಎಂದು ಕೂತಿದ್ದರು. ಇಬ್ಬರೂ ಒಂದೇ ತಾಯಿಯ ಮಕ್ಕಳು ಎನ್ನುವುದಕ್ಕೆ ಬೇರೆ ಪರೀಕ್ಷೆ ಬೇಡ.

ಆಗಲೇ ನನಗೊಂದು ಉಪಾಯ ಹೊಳೆಯಿತು. ಇವರು ಒಂದು ಹಳೆಯ ಫೈಬರ್ ಬೋಟು ಕೊಂಡು, ಅದಕ್ಕೆ ಇಂಜಿನ್ ಕೂರಿಸಿ, ಮಲ್ಪೆಯಿಂದ ಕಾರವಾರದವರೆಗೆ ದಡ ಹಿಡಿದುಕೊಂಡು ಹೋಗಿಬರುವ ಎಂದು ನನ್ನನ್ನು ಕರೆಯುತ್ತಲೇ ಇದ್ದರು. ಬಸ್ಸು ಘಾಟಿ ಹತ್ತಿದರೆ ಸಾಕು ವಾಂತಿ ಮಾಡುವವಳು ನಾನು, ಆದ್ದರಿಂದ ಒಪ್ಪಿರಲಿಲ್ಲ. ಈಗ ಒಪ್ಪಿಬಿಟ್ಟೆ. ಮನೆಯಲ್ಲಿ ಬೆಳ್ಮಣ್ಣಿನ ಹೆಸರು ತೆಗೆದರೆ ಇವರು ಪೇಟೆಗೆ ಹೋಗುತ್ತೇನೆಂದು ಎದ್ದುಬಿಡುತ್ತಾರೆ. ನಡುಕಡಲಲ್ಲಿ ಎದ್ದು ಎಲ್ಲಿಗೆ ಹೋಗುತ್ತಾರೆ ನೋಡುವ ಎಂದು ನನ್ನ ಲೆಕ್ಕಾಚಾರ.

ಲೆಕ್ಕಾಚಾರ ಮೊದಲ ದಿನವೇ ಕೈಕೊಟ್ಟಿತು. ಮಾತಾಡಲೆಂದು ಹೋದವಳು ಭಟ್ಕಳದವರೆಗೆ ಬಾಯಿ ತೆರೆದದ್ದು ವಾಂತಿಗೆ ಮಾತ್ರ. ಇವರು ಪಾಪ, ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ನನ್ನ ಬೆನ್ನು ಹಿಡಿದು, ಲಿಂಬೆಹಣ್ಣು ಮೂಸು ಎನ್ನುತ್ತಾ ಹೋದರು. ರಾತ್ರಿ ಬಂದರಿನ ಹತ್ತಿರ ಯಾವುದಾದರೂ ಲಾಡ್ಜಿನಲ್ಲಿ ಮಲಗುವುದು, ಬೆಳಕು ಹರಿದಾಗ ಮತ್ತೆ ಹೊರಡುವುದು. ಹೊನ್ನಾವರ ದಾಟಿದ ಮೇಲೆ ಹೊಟ್ಟೆ ತಹಬಂದಿಗೆ ಬಂತು, ನನಗೆ ನಾಲಿಗೆ ಬಂತು. ಆದರೆ ಇವರು ನನಗಿಂತ ಹುಷಾರು. ನಾನು ಭಾವನ ಸುದ್ದಿ ಎತ್ತಿದ ಕೂಡಲೇ ಇಂಜಿನ್ ಜೋರು ಮಾಡುತ್ತಿದ್ದರು. ಆ ಸದ್ದಿನಲ್ಲಿ ನನಗೇ ನನ್ನ ಮಾತು ಕೇಳಿಸುತ್ತಿರಲಿಲ್ಲ. ಹೀಗಾಗಿ ನಾವು ಎಲ್ಲ ಊರುಗಳನ್ನೂ ಅಂದುಕೊಂಡದ್ದಕ್ಕಿಂತ ಬೇಗ ತಲುಪುತ್ತಾ ಹೋದೆವು.

ಆಶ್ಚರ್ಯವೆಂದರೆ ನಾನು ಸುಮ್ಮನಿದ್ದಾಗ ಅವರೇ ಅಣ್ಣನ ಸುದ್ದಿ ತೆಗೆಯುತ್ತಿದ್ದರು. ನೀರಿನ ಬಣ್ಣ ನೋಡಿ ಅಡಿಯಲ್ಲಿ ಕಲ್ಲಿದೆ ಎಂದು ತಿಳಿಯುವುದನ್ನು ಕಲಿಸಿದ್ದು ಅಣ್ಣ, ಗಾಳಿ ತಿರುಗುವುದನ್ನು ಕಿವಿಯ ಹಿಂದೆ ತಿಳಿಯಬೇಕು ಎಂದದ್ದು ಅಣ್ಣ. ಕಾರವಾರದ ಹತ್ತಿರ ಡಾಲ್ಫಿನ್ ಹಾರಿದಾಗ ಇವರು ತಟ್ಟನೆ ಹಿಂದೆ ತಿರುಗಿ ತುಳುವಿನಲ್ಲಿ "ಅಣ್ಣಾ, ತೂಲೆ" ಎಂದರು. ಅಣ್ಣಾ ನೋಡಿ ಎಂದು ಅರ್ಥ. ಹಿಂದೆ ಕೂತಿದ್ದವಳು ನಾನು. ಇಬ್ಬರೂ ಏನೂ ಆಗದವರ ಹಾಗೆ ಬೇರೆ ಬೇರೆ ಕಡೆ ನೋಡಿದೆವು.

ಹಿಂದೆ ಬರುವಾಗ, ಶನಿವಾರ ಬೆಳಿಗ್ಗೆ, ಗಂಗೊಳ್ಳಿಯ ಹತ್ತಿರ ತೇಲುತ್ತಿದ್ದ ಹಳೆಯ ಬಲೆಯ ಹಗ್ಗ ಇಂಜಿನಿನ ಫ್ಯಾನಿಗೆ ಸುತ್ತಿಕೊಂಡಿತು. ಬಿಡಿಸಲು ನಾನೂ ಬಗ್ಗಿದೆ. ನನ್ನ ಫೋನೂ ಒಂದು ಕಾಲಿನ ನೀಲಿ ಚಪ್ಪಲಿಯೂ ಒಟ್ಟಿಗೇ ನೀರಿಗೆ ಬಿದ್ದವು. ಬೋಟಿನ ಮೂಲೆಯಲ್ಲಿದ್ದ ಇವರ ಹಳೆಯ ಕಪ್ಪು ರಬ್ಬರ್ ಚಪ್ಪಲಿ ಒಂದನ್ನು ಇನ್ನೊಂದು ಕಾಲಿಗೆ ಹಾಕಿಕೊಂಡೆ. ಯಾರದೋ ದೋಣಿ ನಮ್ಮನ್ನು ಎಳೆದುಕೊಂಡು ಹೋಗಿ ಗಂಗೊಳ್ಳಿ ಬಂದರಿಗೆ ಬಿಟ್ಟಿತು. ಫ್ಯಾನು ಬದಲಿಸಬೇಕು, ಸಂಜೆಯಾಗುತ್ತದೆ ಎಂದರು ಅಲ್ಲಿನ ರಿಪೇರಿಯವರು. ಬಸ್ಸಿನಲ್ಲಿ ಮನೆಗೆ ಹೋಗುವ ಎಂದರೆ ಇವರು ಬೋಟು ಬಿಟ್ಟು ಬರಲು ತಯಾರಿಲ್ಲ. ವನಜಕ್ಕನಿಗೆ ಫೋನು ಮಾಡುವ ಎಂದರೆ ಇವರ ಫೋನಿನಲ್ಲಿ ಆ ನಂಬರಿಲ್ಲ, ನನಗೆ ಬಾಯಿಪಾಠವಿಲ್ಲ.

ಊಟ ಮುಗಿಸಿ ಬಲೆ ಇಡುವ ಮಾಡಿನ ಕೆಳಗೆ ಕೂತೆವು. ಈಗ ಜೋರು ಮಾಡಲು ಇಂಜಿನ್ ಇರಲಿಲ್ಲ. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಭಾವ ಆಪರೇಷನ್ನಿನಿಂದ ಹೊರಗೆ ಬರದೆ ಹೋದರೆ ಆ ಕಾಗದದ ಕಥೆಯನ್ನು ಯಾರ ಹತ್ತಿರ ವಾದ ಮಾಡುತ್ತೀರಿ ಎಂದೂ ಕೇಳಿದೆ. ಇವರು ಬಲೆಯ ಒಂದು ಗಂಟು ಬಿಡಿಸುತ್ತಾ ಕೂತರು.

"ಹೋಗಬೇಕು ಅಂತ ಉಂಟು," ಎಂದರು ಕೊನೆಗೆ. "ಅಣ್ಣನ ಮನೆಯ ಬಾವಿಕಟ್ಟೆಯವರೆಗೆ ಹೋಗಬಹುದು. ಅಲ್ಲಿ ನಿಂತರೆ ನನಗೆ ಬಾಯಿ ಬರುವುದಿಲ್ಲ."

ಅಷ್ಟು ಹೇಳಿ ಬಲೆಯ ರಾಶಿಗೆ ಒರಗಿ ನಿದ್ದೆ ಹೋದರು. ಹಗಲು ಮಲಗುವ ಮನುಷ್ಯ ಅಲ್ಲ ಅವರು. ನನಗೂ ಜೋಂಪು ಹತ್ತಿತು. ಕನಸೇನೂ ಬೀಳಲಿಲ್ಲ. ಬಿದ್ದಿದ್ದರೆ ಈ ಕಥೆ ಬರೆಯುವುದು ಸುಲಭವಾಗುತ್ತಿತ್ತು. ಎದ್ದಾಗ ಇಳಿಹೊತ್ತಾಗಿತ್ತು. ಬೋಟು ಸರಿಯಾಯಿತು, ಆದರೆ ಕತ್ತಲಲ್ಲಿ ಹೊರಡುವುದು ಬೇಡವೆಂದು ಅಲ್ಲೇ ಇವರ ಪರಿಚಯದವರ ಮನೆಯಲ್ಲಿ ಉಳಿದೆವು. ಸಂಜೆ ಪೇಟೆಯಲ್ಲಿ ಹೊಸ ಚಪ್ಪಲಿ ಕೊಂಡು ಆ ವಿಚಿತ್ರ ಜೋಡಿಯನ್ನು ಎಸೆದೆ.

ಮರುದಿನ ಮಲ್ಪೆಗೆ ಬಂದು, ರಿಕ್ಷಾ ಹಿಡಿದು ಬನ್ನಂಜೆಯ ಮನೆ ಮುಟ್ಟುವಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ನಮ್ಮ ಸಿಟ್‌ಔಟಿನಲ್ಲಿ ಭಾವ ಕೂತಿದ್ದರು. ಪಕ್ಕದಲ್ಲಿ ವನಜಕ್ಕ, ಅವರ ಕಾಲ ಬುಡದಲ್ಲಿ ಒಂದು ಹಲಸಿನಹಣ್ಣು ಮತ್ತು ಹಿಡಿಕೆಯಲ್ಲಿ ತೂಗಿಸಿಕೊಂಡು ಹೋಗುವ ಸ್ಟೀಲಿನ ತೂಕುಪಾತ್ರೆ. ಒಕ್ಕಲಿಗೂ ಬಾರದ ಮನುಷ್ಯ ಆ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಇವರು ಗೇಟು ಹಿಡಿದುಕೊಂಡು ಅಲ್ಲೇ ನಿಂತರು.

"ಎಂತ ಮಾರಾಯ, ಊಟಕ್ಕೆ ಕರೆದು ಮನೆಗೆ ಬೀಗ ಹಾಕಿ ಹೋಗಿದ್ದೀಯಲ್ಲ," ಎಂದರು ಭಾವ. ಸಿಟ್ಟಿರಲಿಲ್ಲ. ನಗುತ್ತಿದ್ದರು.

ನನಗೆ ತಲೆಬುಡ ತಿಳಿಯಲಿಲ್ಲ. ಮುಂದಿನದನ್ನು ಭಾವನೂ ವನಜಕ್ಕನೂ ಒಬ್ಬರ ಬಾಯಿಂದ ಇನ್ನೊಬ್ಬರು ಕಸಿದುಕೊಂಡು ಹೇಳಿದರು. ನಿನ್ನೆ ಇಳಿಹೊತ್ತಿಗೆ ನಾವಿಬ್ಬರೂ ಬೆಳ್ಮಣ್ಣಿಗೆ ಹೋಗಿದ್ದೆವಂತೆ. ಮೈಯೆಲ್ಲ ಉಪ್ಪು, ಒಳಗೆ ಬರುವುದಿಲ್ಲ ಎಂದು ಬಾವಿಕಟ್ಟೆಯ ಹತ್ತಿರವೇ ನಿಂತೆವಂತೆ. ಇವರು ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದು, "ಅಣ್ಣ, ಮನೆಗೆ ಬಂದು ಹೇಳ್ತಾ ಇದ್ದೇನೆ, ನಾಳೆ ಇಬ್ಬರೂ ಊಟಕ್ಕೆ ಬರಬೇಕು" ಎಂದರಂತೆ. ನಾನು ಬಂಗುಡೆ ಮೀನಿನ ಕಟ್ಟನ್ನು ವನಜಕ್ಕನ ಕೈಗೆ ಕೊಟ್ಟು, ಇದಕ್ಕೆ ಹುಳಿ ಸ್ವಲ್ಪ ಮುಂದಿರಲಿ ಎಂದೆನಂತೆ. ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆವಂತೆ.

ಹುಳಿಯ ವಿಷಯ ಕೇಳಿ ನನಗೆ ಸ್ವಲ್ಪ ನಾಚಿಕೆಯಾಯಿತು. ನಾನು ಹೇಳುವ ಮಾತೇ ಅದು.

ನಾವು ಬಂದಿರಲಿಲ್ಲ, ನಿನ್ನೆ ಗಂಗೊಳ್ಳಿಯಲ್ಲಿ ನಿದ್ದೆ ಹೊಡೆಯುತ್ತಿದ್ದೆವು ಎನ್ನಲು ನಾನು ಬಾಯಿ ತೆರೆದೆ. ಇವರು ನನ್ನ ಕಾಲು ತುಳಿದರು. ಸುಳ್ಳಿನ ವಿಷಯದಲ್ಲಿ ಇವರಷ್ಟು ಕಟ್ಟುನಿಟ್ಟಿನವರನ್ನು ನಾನು ಕಂಡಿಲ್ಲ. ಅವಳು ಮನೆಯಲ್ಲಿಲ್ಲ ಎಂದು ಹೇಳಿ ಎಂದು ನಾನು ಬೇಡಿಕೊಂಡರೂ ಫೋನಿನಲ್ಲಿ ಹಾಗೆ ಹೇಳುವವರಲ್ಲ. ಅಂಥವರು ಮೆಟ್ಟಿಲು ಹತ್ತಿ, ಅಣ್ಣನ ಎದುರು ನಿಂತು, "ಹೌದಣ್ಣ, ಬೋಟಿನ ಕೆಲಸದಲ್ಲಿ ತಡವಾಯಿತು" ಎಂದರು. ಆಗ ನನಗೂ ಅರ್ಥವಾಯಿತು. ಕರೆಯಲು ಬಂದದ್ದು ನಾವಲ್ಲ ಎಂದರೆ ಭಾವನನ್ನು ಯಾರೂ ಕರೆದ ಹಾಗಾಗುವುದಿಲ್ಲ. ಕರೆಯದ ಮನೆಯಲ್ಲಿ ಆ ಮನುಷ್ಯ ಒಂದು ಗಳಿಗೆ ಕೂರುವುದಿಲ್ಲ.

ಊಟಕ್ಕೆ ಕರೆದವರ ಮನೆಯಲ್ಲಿ ವಾರದಿಂದ ಒಲೆ ಹತ್ತಿಸಿರಲಿಲ್ಲ. ಕುಚ್ಚಲಕ್ಕಿ ಗಂಜಿ ಬೇಯಿಸಿದೆ. ವನಜಕ್ಕ ತೂಕುಪಾತ್ರೆಯ ಮುಚ್ಚಳ ತೆಗೆದರು. ನೀನು ತಂದ ಮೀನೇ, ಸ್ವಲ್ಪ ಉಳಿಸಿ ತಂದೆ ಎಂದರು. ಮೀನು ಸಾರು ಮರುದಿನಕ್ಕೇ ರುಚಿ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಾನು ತಾರದ ಮೀನನ್ನು ನಾನು ಎರಡು ಸಲ ಬಡಿಸಿಕೊಂಡು ಉಂಡೆ. ಹುಳಿ ಹದವಾಗಿತ್ತು. ಅಣ್ಣ ತಮ್ಮ ಎದುರುಬದುರು ಕೂತು ಮುಳ್ಳು ಬಿಡಿಸುತ್ತಾ ಗಂಗೊಳ್ಳಿಯ ಅಳಿವೆಯ ನೀರಿನ ಬಗ್ಗೆ ಮಾತಾಡಿದರು.

ಲ್ಯಾಬಿನವಳ ಬುದ್ಧಿ ಸುಮ್ಮನಿರುತ್ತದೆಯೇ? ಕರೆಯದೆ ಬರಲಾರದ ಭಾವ ತಾನೇ ಈ ಕಥೆ ಕಟ್ಟಿ, ಹೆಂಡತಿಯನ್ನೂ ಸೇರಿಸಿಕೊಂಡು ಬಂದಿರಬೇಕು ಎಂದು ನಾನು ತೀರ್ಮಾನಿಸಿದೆ. ನೀವೂ ಈಗ ಹಾಗೆಯೇ ಎಣಿಸಿರುತ್ತೀರಿ. ಅಡಿಗೆಮನೆಯಲ್ಲಿ ವನಜಕ್ಕನನ್ನು ಮೂಲೆಗೆ ಹಿಡಿದು ಕೇಳಿದೆ. ಅವರು ನನ್ನನ್ನು ಹುಚ್ಚಿಯ ಹಾಗೆ ನೋಡಿದರು. ಆಮೇಲೆ ನನ್ನ ಕಾಲು ನೋಡಿದರು.

"ಚಪ್ಪಲಿ ಹೊಸದು ತೆಗೆದುಕೊಂಡದ್ದು ಒಳ್ಳೆಯದಾಯಿತು," ಎಂದರು. "ನಿನ್ನೆ ಒಂದು ನೀಲಿ, ಒಂದು ಕಪ್ಪು ಹಾಕಿಕೊಂಡು ಬಂದಿದ್ದೆಯಲ್ಲ, ನನಗೆ ನಗು ತಡೆಯಲಿಕ್ಕಾಗಲಿಲ್ಲ."

ಆ ಜೋಡಿಯನ್ನು ನಾನು ಗಂಗೊಳ್ಳಿಯಲ್ಲೇ ಎಸೆದು ಬಂದಿದ್ದೆ. ಅದು ಸಾಲದೆಂದು ಆ ವಾರವೇ ಬೆಳ್ಮಣ್ಣಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯ ಹೆಂಗಸನ್ನು ಸುಮ್ಮನೆ ಮಾತಿಗೆಳೆದೆ. ಶನಿವಾರ ನೀವಿಬ್ಬರೂ ಬಸ್ಸಿನಿಂದ ಇಳಿದು ಹೋದಿರಲ್ಲ, ಮೀನಿನ ಕಟ್ಟು ನೀರು ಸುರಿಸುತ್ತಿತ್ತು ಎಂದಳು. ನನ್ನ ಜೀವಮಾನದಲ್ಲಿ ಎರಡನೇ ಪರೀಕ್ಷೆ ಹೀಗೆ ಕೈಕೊಟ್ಟದ್ದು ಅದೊಂದೇ ಸಲ.

ಭಾವನ ಆಪರೇಷನ್ ಆಯಿತು. ಒಳಗೆ ಹೋಗುವವರೆಗೂ ತಮ್ಮನ ಕೈ ಬಿಡಲಿಲ್ಲ. ಈಗ ಚೆನ್ನಾಗಿದ್ದಾರೆ, ಉಪ್ಪಿಲ್ಲದ ಸಾರು ಮನುಷ್ಯರು ಉಣ್ಣುವಂಥದ್ದಲ್ಲ ಎಂದು ನಮ್ಮೆಲ್ಲರ ಜೀವ ತಿನ್ನುವಷ್ಟು ಚೆನ್ನಾಗಿದ್ದಾರೆ. ಆ ಶನಿವಾರದ ಬಗ್ಗೆ ನಾನು ಎಷ್ಟೋ ದಿನ ತಲೆಕೆಡಿಸಿಕೊಂಡೆ. ಲ್ಯಾಬಿನ ಡಾಕ್ಟರಿಗೂ ಒಮ್ಮೆ ಹೇಳಿದೆ. ಅವರು ನನ್ನ ಶುಗರ್ ಕೇಳಿದರು. ಸರಿಯಾಗಿಯೇ ಇತ್ತು.

ಇವರ ಹತ್ತಿರ ಆ ಮಾತೆತ್ತಲು ನನಗೆ ತುಂಬಾ ಸಮಯ ಧೈರ್ಯ ಬರಲಿಲ್ಲ. ಮೊನ್ನೆ ಒಂದು ಬೆಳಿಗ್ಗೆ ಚಾ ಕುಡಿಯುವಾಗ ಕೇಳಿಯೇಬಿಟ್ಟೆ. ಹಾಗಾದರೆ ಆ ದಿನ ಬೆಳ್ಮಣ್ಣಿಗೆ ಹೋದವರು ಯಾರು ಎಂದೆ. ಇವರು ಚಾ ಮುಗಿಸಿದರು.

"ಯಾರು ಹೋದರೋ ನನಗೆ ಗೊತ್ತಿಲ್ಲ," ಎಂದರು. "ಹೋದದ್ದು ಒಳ್ಳೆಯದಾಯಿತು. ನಾನು ಹೋಗುತ್ತಿರಲಿಲ್ಲ."

ಹಾಗೆಂದು ಲೋಟ ಕೆಳಗಿಟ್ಟು, ಅಣ್ಣನಿಗೆ ಫೋನು ಮಾಡಲು ಎದ್ದರು.