ಕೊಟ್ರಮ್ಮನ ಭಟ್ಟಿಗೆ ಹಾಕಬಾರದ್ದು

ಆ ದಿನ ಕಾದ ಭಟ್ಟಿಯೊಳಗೆ ನೀರು ಸುರಿದವರು ಯಾರು ಎಂಬುದು ನನಗೆ ಈಗ ಖಚಿತವಿಲ್ಲ. ಕೊಟ್ರಮ್ಮ ಇರಬಹುದು. ನಾನೇ ಇರಬಹುದು. ನಾನೇ ಎಂದು ಅಲ್ಲಿ ನಿಂತು ಹೇಳಿದ್ದಂತೂ ನಿಜ. ಆದರೆ ಸುಳ್ಳೆಂದು ತಿಳಿದು ಹೇಳಿದೆನೋ, ನಡೆದದ್ದನ್ನೇ ಹೇಳಿದೆನೋ ಎಂಬುದು ಇಷ್ಟು ವರ್ಷಗಳಲ್ಲಿ ಕಲಸಿಹೋಗಿದೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಬಂದು, ಸಾಕ್ಷ್ಯವಿಲ್ಲದ್ದನ್ನು ಬರೆಯಬೇಡಿ ಎಂದು ಹುಡುಗರಿಗೆ ಪಾಠ ಹೇಳಿದವನು ನಾನು. ನನ್ನ ಕೈ ಅವತ್ತು ಏನು ಮಾಡಿತು ಎಂಬುದಕ್ಕೆ ನನ್ನ ಬಳಿಯೇ ಸಾಕ್ಷ್ಯವಿಲ್ಲ.

ಆಕೆಯ ಬಲಗೈ ಮಾತ್ರ ಚೆನ್ನಾಗಿ ನೆನಪಿದೆ. ಮೊಣಕೈಯಿಂದ ಕೆಳಗೆ ಒಂದು ರೋಮವೂ ಇಲ್ಲದ, ಬೆಲ್ಲದ ಬಣ್ಣಕ್ಕೆ ತಿರುಗಿದ ಕೈ. ಅದನ್ನು ಭಟ್ಟಿಯ ಬಾಯೊಳಗೆ ಚಾಚಿ ಕಣ್ಣು ಮುಚ್ಚಿ ಆಕೆ ಊರುಗಳ ಹೆಸರು ಹೇಳುತ್ತಿದ್ದಳು. "ಕೂಡ್ಲಿಗಿ... ಕೊಟ್ಟೂರು... ಹಗರಿಬೊಮ್ಮನಹಳ್ಳಿ... ಹಡಗಲಿ... ಹರಪನಹಳ್ಳಿ." ಒಂದು ಉಸಿರಿಗೆ ಒಂದು ಊರು. ಕೂಡ್ಲಿಗಿ ದಾಟುವಷ್ಟರಲ್ಲಿ ಕೈ ಸುಟ್ಟು ಹಿಂದಕ್ಕೆ ಬಂದರೆ ಬ್ರೆಡ್ಡಿನ ಕಾವು. ಹಗರಿಬೊಮ್ಮನಹಳ್ಳಿಯವರೆಗೆ ತಡೆದರೆ ಬನ್ನು. ಹಡಗಲಿ ದಾಟಿದರೆ ಬಿಸ್ಕತ್ತು. ಹರಪನಹಳ್ಳಿ ಮುಗಿದರೂ ಕೈ ಒಳಗೇ ಇದ್ದರೆ ಟೋಸ್ಟು ಒಣಗಿಸಬಹುದು, ಅಷ್ಟೇ. ಬೇಕರಿಯ ಮುಂಭಾಗದ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂತಿರುತ್ತಿದ್ದ ಆಕೆಯ ಭಾವ, ಗಂಡನ ಅಣ್ಣ ಈರಣ್ಣ ಅಲ್ಲಿಂದಲೇ ಕೂಗುತ್ತಿದ್ದರು: "ಎಲ್ಲಿಗೆ ಬಂತವ್ವಾ?"

"ಹಡಗಲಿ ಬಿಟ್ಟೈತ್ರಿ ಭಾವಾರ!"

ಈ ಐದೂರು ಒಂದೇ ದಾರಿಯಲ್ಲಿ ಬರುವುದಿಲ್ಲ, ಈ ಕ್ರಮದಲ್ಲಿ ಯಾವ ಬಸ್ಸೂ ಹೋಗುವುದಿಲ್ಲ ಎಂದು ನಾನೊಮ್ಮೆ ತಿದ್ದಲು ಹೋದೆ.

"ಕೈ ಸುಡಾಕ ರೂಟು ಯಾಕ್ರಿ ಸರ?" ಎಂದು ನಕ್ಕಳು. "ನಮ್ಮ ಮನಿಯವರು ಭಟ್ಟಿಗೆ ಕುಂದ್ರೋಕಿಂತ ಮೊದಲ ಬಸ್ಸಿನ ಕ್ಲೀನರ್ ಇದ್ರು. ಅವರು ಹಂಗ ಎಣಸ್ತಿದ್ರು, ನಾನೂ ಹಂಗ ಎಣಸ್ತೀನಿ."

"ಇದರಲ್ಲಿ ನೀವು ನೋಡಿದ ಊರು ಎಷ್ಟು?"

"ಕೊಟ್ಟೂರು ನೋಡೀನ್ರಿ, ಕುಂತೀನಲ್ಲ. ತವರುಮನಿ ಬಾಗಳಿ, ಅದಕ್ಕ ಹೋಗೋವಾಗ ಹರಪನಹಳ್ಳಿ ಕಿಟಕ್ಯಾಗ ಬರ್ತೈತಿ. ಉಳಿದಿದ್ದು ನಾನು ನೋಡಿಲ್ಲ, ನನ್ನ ಕೈ ನೋಡೈತಿ."

ತೊಂಬತ್ತರ ದಶಕದ ಕೊನೆಯ ಭಾಗ ಅದು. ಕೊಟ್ಟೂರಿನ ಕಾಲೇಜೊಂದರಲ್ಲಿ ನಾನು ತಾತ್ಕಾಲಿಕ ಉಪನ್ಯಾಸಕ. ಆರು ತಿಂಗಳಿಗೊಮ್ಮೆ ನವೀಕರಣವಾಗುವ ಕೆಲಸ. ಬಿಟ್ಟು ಹೋಗಲು ಬೇರೆ ಕೆಲಸವಿಲ್ಲ, ನಿಲ್ಲಲು ಭರವಸೆ ಇಲ್ಲ. ಬೇಕರಿಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಅದರ ಒಂದು ಗೋಡೆ ಭಟ್ಟಿಯದು. ಮಂಚವನ್ನು ಆ ಗೋಡೆಯಿಂದ ಎರಡಡಿ ದೂರ ಎಳೆದುಕೊಂಡರೂ ಬೆನ್ನು ಬೆವರುತ್ತಿತ್ತು. ಗೋಡೆಯ ಆಚೆ ಕೊಟ್ರಮ್ಮ. ಆಕೆಯ ಭಟ್ಟಿಮನೆಗೆ ಹೊಗೆ ಹೋಗಲೊಂದು ತೂತು, ಜನ ಹೋಗಲೊಂದು ಬಾಗಿಲು. ಆ ಬಾಗಿಲು ತೆರೆಯುವುದು ಈರಣ್ಣನವರ ಗಲ್ಲಾದ ಪಕ್ಕಕ್ಕೆ. ಬಚ್ಚಲಿಗೆ ಹೋಗಬೇಕಾದರೂ ಅವರ ಮುಂದೆ ಹಾದು ಹೋಗಬೇಕು.

ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಈರಣ್ಣನವರಿಗೆ ಚಿಕ್ಕಂದಿನಲ್ಲಿ ಮುಖ ಸುಟ್ಟಿದ್ದರಿಂದ ಭಟ್ಟಿಯ ಬಾಯಿ ಕಂಡರೆ ಭಯ; ಅವರು ಆ ಬಾಗಿಲು ದಾಟಿ ಒಳಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಹನ್ನೊಂದು ಜನರ ಮನೆ ಆಕೆಯ ಒಂದು ಕೈಯ ಮೇಲೆ ನಿಂತಿತ್ತು. ಕೆಟ್ಟ ಮನುಷ್ಯರೇನಲ್ಲ ಈರಣ್ಣ. ಬೆಳಿಗ್ಗೆ ಮೊದಲ ಚಹ ಆಕೆಗೇ ಕಳಿಸುತ್ತಿದ್ದರು. ಆದರೆ ಆಕೆ ಅದನ್ನು ಕುಡಿಯಬೇಕಾದ ಜಾಗ ಮಾತ್ರ ಬದಲಾಗುವಂತಿರಲಿಲ್ಲ.

ಹಬ್ಬ, ಮದುವೆ ಬಂತೆಂದರೆ ಊರಿನ ಹೆಂಗಸರು ಮನೆಯಲ್ಲೇ ಮೈದಾ, ಸಕ್ಕರೆ, ಡಾಲ್ಡಾ ಕಲಸಿ ಡಬ್ಬಿಯಲ್ಲಿ ತಂದು ಬಿಸ್ಕತ್ತು ಸುಟ್ಟುಕೊಡಿ ಎಂದು ಇಳಿಸಿ ಹೋಗುತ್ತಿದ್ದರು. ಒಂದು ಮನೆಯ ಬಿಸ್ಕತ್ತಿಗೆ ಲವಂಗದ ಗುರುತು, ಒಂದು ಮನೆಯದಕ್ಕೆ ಹೆಬ್ಬೆರಳ ಗುಳಿ, ಇನ್ನೊಂದಕ್ಕೆ ಚಮಚದ ಗೀಟು. ಐವತ್ತು ಮನೆಗಳ ಗುರುತು ಆಕೆಗೆ ಬಾಯಿಪಾಠ. ಬಿಸ್ಕತ್ತಿನ ಜೊತೆಗೆ ಜನ ಏನೇನೋ ತರುತ್ತಿದ್ದರು, ಹೇಗೂ ಬೆಂಕಿ ಇದೆಯಲ್ಲ ಎಂದು. ಆಗ ಕೊಟ್ರಮ್ಮನ ನಿಯಮಗಳು ಹೊರಬರುತ್ತಿದ್ದವು.

"ಸೀಳದ ಬದ್ನಿಕಾಯಿ ಹಾಕಬ್ಯಾಡ್ರಿ, ಪಟಾಕ್ಷಿ ಆಕ್ಕತಿ."

"ಸೊಪ್ಪು ಹಾಕಬ್ಯಾಡ್ರಿ, ಹಾರಿ ಹೋಗಿ ಕೆಂಡದಾಗ ಕುಂದ್ರತೈತಿ."

"ತಟ್ಟಿ ತುಂಬ ತುಂಬಬ್ಯಾಡ್ರಿ. ಗಾಳಿ ಆಡಬೇಕು. ಸಂತಿ ದಿನದ ಬಸ್ಸಿನಂಗ ತುಂಬಿದ್ರ ಮ್ಯಾಲಿನವು ಸುಡ್ತಾವ, ನಡುವಿನವು ಹಸೀನ ಉಳೀತಾವ."

ಎಲ್ಲಕ್ಕಿಂತ ದೊಡ್ಡದು ನೀರಿನದು. ಭಟ್ಟಿಯ ತಳದ ಕಾದ ಹಾಸುಗಲ್ಲಿನ ಮೇಲೆ ತಣ್ಣೀರು ಬೀಳಬಾರದು. ಬಿದ್ದರೆ ಕಲ್ಲು ಸೀಳುತ್ತದೆ. ಇದರ ಜೊತೆಗೆ ಗಂಡ ಹೇಳಿಕೊಟ್ಟ ಇನ್ನೊಂದು ಮಾತು: ಕಾದ ಭಟ್ಟಿ ಬಿಟ್ಟು ಎಲ್ಲಿಗೂ ಹೋಗಬಾರದು. "ಏನು ಹಾಕಬೇಕನ್ನೋದು ಮೂರು ದಿನಕ್ಕ ಬರ್ತೈತಿ ಸರ. ಏನು ಹಾಕಬಾರದು ಅನ್ನೋದಕ್ಕ ಜನ್ಮ ಹಿಡೀತೈತಿ" ಎನ್ನುತ್ತಿದ್ದಳು. ಆ ಜನ್ಮ ಅಲ್ಲೇ ಕಳೆಯುತ್ತಿದೆ ಎಂಬ ಅರ್ಥವೂ ಅದರಲ್ಲಿತ್ತೆಂದು ನನಗೆ ಆಗ ಹೊಳೆಯಲಿಲ್ಲ.

ಇತ್ತೀಚೆಗೆ ನಮ್ಮ ಮನೆಗೆ, ಎಣ್ಣೆಯ ಬದಲು ಬಿಸಿಗಾಳಿಯಲ್ಲಿ ಬೇಯಿಸುವ ಏರ್ ಫ್ರೈಯರ್ ಬಂದಿದೆ. ಅದರ ಜೊತೆ ಬಂದ ಪುಸ್ತಿಕೆಯಲ್ಲಿ ಹಾಕಬಾರದ್ದರ ಪಟ್ಟಿ ಇದೆ: ತೆಳು ಹಿಟ್ಟಿನಲ್ಲಿ ಅದ್ದಿದ್ದು ಬೇಡ, ಹಗುರ ಸೊಪ್ಪು ಬೇಡ, ಕಿಕ್ಕಿರಿದು ತುಂಬಬೇಡಿ. ಓದುತ್ತ ನನಗೆ ನಗು ಬಂತು. ಈ ಸಂಶೋಧನೆ ಕೊಟ್ಟೂರಿನಲ್ಲಿ ಎಂದೋ ಆಗಿತ್ತು. ಮಾಡಿದವರು ನಿವೃತ್ತ ಹೆಡ್‌ಮಾಸ್ತರ್ ರುದ್ರಪ್ಪನವರು.

ಅವರಿಗೆ ಡಾಕ್ಟರು ಎಣ್ಣೆ ಬಿಡಿಸಿದ್ದರು. ಒಂದು ಸಂಜೆ ಕಡ್ಲಿಹಿಟ್ಟಿನಲ್ಲಿ ಅದ್ದಿದ ಇಪ್ಪತ್ತು ಹಸಿಮೆಣಸಿನಕಾಯಿಯನ್ನು ಪರಾತದಲ್ಲಿ ಹಿಡಿದು ಬಂದರು.

"ಎಣ್ಣಿ ಬ್ಯಾಡ ಅಂದಾನ ಡಾಕ್ಟ್ರು, ಮಿರ್ಚಿ ಬ್ಯಾಡ ಅಂದಿಲ್ಲ. ಇದನ್ನ ಭಟ್ಟ್ಯಾಗ ಸುಟ್ಟುಕೊಡವ್ವ."

"ಹಸಿ ಹಿಟ್ಟು ಗಟ್ಟಿ ಆಗಾಕ ಎಣ್ಣಿ ಬೇಕ್ರಿ ಮಾಸ್ತರ. ಬರೇ ಗಾಳಿಗೆ ಅದು ಹಿಡಿಯಂಗಿಲ್ಲ, ಹರೀತೈತಿ."

"ನಲವತ್ತು ವರ್ಷ ಪಾಠ ಹೇಳೀನಿ, ನನಗ ಕಲಸ್ತೀಯೇನು?"

ಗಲ್ಲಾದಿಂದ ಈರಣ್ಣನವರ ದನಿ: "ಹಾಕವ್ವಾ, ದೊಡ್ಡೋರು ಕೇಳಾಕತ್ಯಾರ."

ಹಾಕಿದಳು. ಹಿಟ್ಟು ಹರಿದು ಹಾಸುಗಲ್ಲಿನ ಮೇಲೆ ಸುರಿದು ಕರಕಾಯಿತು. ಬತ್ತಲಾದ ಮೆಣಸಿನಕಾಯಿಗಳು ಒಂದೊಂದಾಗಿ ಸಿಡಿದವು. ಘಾಟು ಮೊದಲು ಅಂಗಡಿಗೆ, ಆಮೇಲೆ ಬೀದಿಗೆ ಬಂತು. ಎದುರಿನ ಕಿರಾಣಿಯವನು ಕೆಮ್ಮುತ್ತ ಅಂಗಡಿ ಬಿಟ್ಟು ಓಡಿದ. ಈರಣ್ಣ ಓಡಿದರು, ನಾನು ಓಡಿದೆ, ರುದ್ರಪ್ಪನವರು ಪಂಚೆಯಲ್ಲಿ ಮುಖ ಮುಚ್ಚಿಕೊಂಡು ಎಲ್ಲರಿಗಿಂತ ಮುಂದೆ ಓಡಿದರು. ತಟ್ಟೆಗಳನ್ನೆಲ್ಲ ಹೊರಗೆಳೆದು ಕೊನೆಗೆ ಬಂದವಳು ಕೊಟ್ರಮ್ಮ. ಕಣ್ಣಲ್ಲಿ ಮೂಗಲ್ಲಿ ನೀರು. "ಮಾಸ್ತರ, ಡಾಕ್ಟ್ರು ಕೆಮ್ಮಬ್ಯಾಡ ಅಂದಿಲ್ಲಲ್ರಿ?" ಎಂದಳು. ಬೀದಿಯೇ ನಕ್ಕಿತು. ಎಲ್ಲರೂ ನಕ್ಕು ಮನೆಗೆ ಹೋದ ಮೇಲೆ ಆಕೆ ಒಳಗೆ ಹೋಗಿ, ಉದ್ದ ಹಿಡಿಕೆಯ ಸಲಿಕೆಯಿಂದ ಆ ಕಲ್ಲನ್ನು ಕೆರೆಯುತ್ತಿದ್ದ ಸದ್ದು ನನ್ನ ಗೋಡೆಯ ಮೂಲಕ ಬಹಳ ಹೊತ್ತು ಕೇಳಿಸುತ್ತಿತ್ತು.

ಮರುದಿನ ನನ್ನ ಹತ್ತಿರ ಬಂದು, ಹೆರಿಗೆ ಮಾಡಿಸುವ ದಾಯಿ ಕೆಲಸದ ತರಬೇತಿಗೆ ಅರ್ಜಿ ಬರೆದುಕೊಡುತ್ತೀರಾ ಎಂದು ಕೇಳಿದಳು. ಸರ್ಕಾರಿ ಕಿರಿಯ ಆರೋಗ್ಯ ಸಹಾಯಕಿಯ ತರಬೇತಿ, ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಉತ್ತರ ನನ್ನ ಕಾಲೇಜಿನ ವಿಳಾಸಕ್ಕೆ ಬರಬೇಕು, ಏಕೆಂದರೆ ಅಂಗಡಿಗೆ ಬಂದ ಕಾಗದವನ್ನೆಲ್ಲ ಮೊದಲು ಗಲ್ಲಾದ ಮೇಲೆ ಈರಣ್ಣ ಒಡೆಯುತ್ತಿದ್ದರು. ಸಂದರ್ಶನದ ಪತ್ರ ಬಂದಾಗ ಅದನ್ನು ಓದಿ ಮೈದಾ ಡಬ್ಬಿಯ ತಳಕ್ಕೆ ಇಳಿಸಿದಳು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಳ್ಳಾರಿ. ದೀಪಾವಳಿಯ ಹಿಂದಿನ ವಾರ. ವಯಸ್ಸಿನ ಮಿತಿಗೆ ಅದೇ ಕೊನೆಯ ವರ್ಷ.

ಸೋಮವಾರ ಈರಣ್ಣನವರಿಗೆ ಹೇಳಿದಳು. ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

"ನಾ ಬ್ಯಾಡ ಅಂದಿಲ್ಲವ್ವಾ. ಈ ವರ್ಷ ಬ್ಯಾಡ ಅಂದೆ."

"ಮುಂದಿನ ವರ್ಷಕ್ಕ ನನ್ನ ವಯಸ್ಸು ದಾಟ್ತೈತ್ರಿ ಭಾವಾರ."

"ಅರವತ್ತು ಡಬ್ಬಿ ಸಾಲು ನಿಂತಾವ. ಕಾದ ಭಟ್ಟಿ ಬಿಟ್ಟು ಹೋಗಬಾರದು ಅಂತ ನನ್ನ ತಮ್ಮ ನಿನಗ ಹೇಳಿಲ್ಲೇನು?"

ಆಕೆ ಒಳಗೆ ಹೋದಳು. ಮಂಗಳವಾರವೆಲ್ಲ ಬಿಸ್ಕತ್ತು ಸುಟ್ಟಳು. ಊರುಗಳ ಹೆಸರು ಕೇಳಿಸಲಿಲ್ಲ. ಕೈ ಚಾಚುವುದು, ಎಳೆಯುವುದು.

ಬುಧವಾರ ಮಧ್ಯಾಹ್ನ ನಾನು ಭಟ್ಟಿಮನೆಗೆ ಹೋದೆ. ಬೇರೆ ಯಾರನ್ನಾದರೂ ಒಂದು ದಿನಕ್ಕೆ ಕರೆಸಲಾಗದೇ ಎಂದು ಕೇಳುವುದಕ್ಕೆ. ಆಗತಾನೆ ಕೆಂಡ ಪಕ್ಕಕ್ಕೆ ತಳ್ಳಿದ್ದರಿಂದ ಕಲ್ಲು ಬೆಳ್ಳಗೆ ಕಾದಿತ್ತು, ತಟ್ಟೆಗಳಿನ್ನೂ ಹೊರಗಿದ್ದವು. ಬಾಗಿಲ ಬಳಿ ಕುಡಿಯುವ ನೀರಿನ ಕೊಡ.

"ಸರ, ಆ ಕೊಡ ಇತ್ತ ಕೊಡ್ರಿ" ಎಂದಳು.

ಎತ್ತಿದೆ. ಇಲ್ಲಿಂದ ಮುಂದೆ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ಕೊಡ ಆಕೆಯ ಕೈಗೆ ಹೋಗುತ್ತದೆ, ಆಕೆ ಒಂದು ಕ್ಷಣ ಅದನ್ನು ಸೊಂಟಕ್ಕಿಟ್ಟುಕೊಂಡು ಭಟ್ಟಿಯ ಬಾಯನ್ನೇ ನೋಡುತ್ತಾಳೆ. ಇನ್ನೊಂದರಲ್ಲಿ ನೆಲದ ಮೇಲೆ ಚೆಲ್ಲಿದ ಮೈದಾಕ್ಕೆ ನನ್ನ ಕಾಲು ಜಾರುತ್ತದೆ. ಎರಡೂ ಸ್ಪಷ್ಟ. ಎರಡೂ ಒಂದೇ ಕಡೆ ಬಂದು ಸೇರುತ್ತವೆ: ಬುಸ್ಸೆಂದು ಎದ್ದ ಆವಿ, ಅದರೊಳಗಿಂದ ಕಲ್ಲು ಸೀಳಿದ ಸದ್ದು, ಒಂದು, ಆಮೇಲೆ ಇನ್ನೊಂದು.

ಈರಣ್ಣ ಅವತ್ತು ಬಾಗಿಲು ದಾಟಿ ಒಳಗೆ ಬಂದರು.

"ಯಾರು? ಯಾರು ಹಾಕಿದ್ದು?"

"ನಾನು. ಕೈ ತಪ್ಪಿತು" ಎಂದೆ.

ಕೊಟ್ರಮ್ಮ ನನ್ನ ಕಡೆ ನೋಡಿದಳು.

"ಓದಿದ ಮಂದಿ ಕೈಯಾಗ ಕೊಡ ಯಾಕ ಕೊಟ್ಟಿ?" ಎಂದು ಈರಣ್ಣ ಆಕೆಯನ್ನೇ ಕೇಳಿದರು. ಗೋಡೆಗೆ ಕೈಕೊಟ್ಟು ಕುಳಿತುಬಿಟ್ಟರು. ಅವರ ಮುಖ ನೋಡಲಾಗಲಿಲ್ಲ. ಅರವತ್ತು ಡಬ್ಬಿಗಳನ್ನು ಮನೆಮನೆಗೆ ವಾಪಸು ಹೊತ್ತು, ಹಬ್ಬದ ಮುಂದೆ ಅಷ್ಟೂ ಬಾಗಿಲಲ್ಲಿ ತಲೆ ತಗ್ಗಿಸಬೇಕಾದವರು ಅವರು.

ಅಂತೂ ಆಕೆ ಬಿಡುಗಡೆಯಾದಳು ಎಂದು ನಾನು ಅಂದುಕೊಂಡೆ. ಸೀಳಿದ ಭಟ್ಟಿಯೂ ಹಿಡಿದುಕೊಳ್ಳಬಲ್ಲದು ಎಂಬುದು ಗುರುವಾರ ಬೆಳಿಗ್ಗೆ ಗೊತ್ತಾಯಿತು. ಮೊದಲ ಬಸ್ಸಿಗೆ ಹೊರಟು, ಚೀಲ ಹಿಡಿದು ಬಾಗಿಲಿಗೆ ಬಂದರೆ ಈರಣ್ಣ ಗಲ್ಲಾದ ಮೇಲಿದ್ದರು. ನಾನು ಹೊರಗೆ ಕಟ್ಟೆಯ ಬಳಿ ನಿಂತಿದ್ದೆ.

"ಇವತ್ತು ಭಟ್ಟಿ ಕಟ್ಟಾಕ ಗೌಂಡಿ ಬರ್ತಾನವ್ವಾ. ಯಾವ ಕಲ್ಲು ಎಲ್ಲಿ ಅಂತ ನೀನಿಲ್ದ ಅವಗ ಹೇಳೋರ್ಯಾರು?"

ನಿಂತಳು. ಚೀಲ ಕೆಳಗಿಡುತ್ತಾಳೆ ಎಂದೇ ನನಗನ್ನಿಸಿತು. ಆಕೆ ಚೀಲವನ್ನು ಎಡಗೈಗೆ ಬದಲಿಸಿ, ತಿರುಗಿ ಭಟ್ಟಿಮನೆಯೊಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊರಬಂದಳು. ಬಲಗೈಗೆ ಮೊಣಕೈವರೆಗೆ ಬೂದಿ ಮೆತ್ತಿತ್ತು.

"ಕಾದ ಭಟ್ಟಿ ಬಿಟ್ಟು ಹೋಗಬಾರದು ಅಂತ ನಿಮ್ಮ ತಮ್ಮ ಹೇಳಿದ್ರು. ಇದು ಆರೈತ್ರಿ ಭಾವಾರ. ಮುಟ್ಟಿ ನೋಡೀನಿ."

ಈರಣ್ಣ ಕಾಲು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. ದಾರಿ ಬಿಡುವುದಕ್ಕೆ ಅಷ್ಟು ಸಾಕಿತ್ತು. ಆಕೆ ಬೂದಿಯ ಕೈಯಲ್ಲೇ ಬಸ್ಸು ಹತ್ತಿದಳು.

ಆ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಲು ನನಗೆ ಹೇಳಿದರು. ನ್ಯಾಯವೇ. ಮಾರ್ಚ್‌ಗೆ ಕೆಲಸವೂ ಮುಗಿಯಿತು, ಕೊಟ್ಟೂರು ಬಿಟ್ಟೆ.

ನಾಲ್ಕೈದು ವರ್ಷಗಳ ಮೇಲೆ ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಸಿಕ್ಕಳು. ಹೆಗಲಿಗೆ ಲಸಿಕೆಯ ಐಸ್ ಡಬ್ಬಿ. ನನ್ನ ಯೋಗಕ್ಷೇಮ ಕೇಳಿದಳು, ಇನ್ನೂ ತಾತ್ಕಾಲಿಕವೇ ಎಂದೆ. ಅಯ್ಯೋ ಎನ್ನಲಿಲ್ಲ. ನಾನು ಕೇಳಲು ಕಾಯುತ್ತಿದ್ದ ಪ್ರಶ್ನೆಯನ್ನು ಕೇಳಿಬಿಟ್ಟೆ: ಅವತ್ತು ನೀರು ಹಾಕಿದವರು ಯಾರು?

"ಕೊಡ ಕೇಳಿದ್ದು ನೆನಪೈತ್ರಿ ಸರ. ಕುಡಿಯಾಕ ಕೇಳಿದ್ನೋ, ಯಾತಕ್ಕ ಕೇಳಿದ್ನೋ." ಐಸ್ ಡಬ್ಬಿಯ ಪಟ್ಟಿಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡಳು. "ನೀವು ನಿಮ್ಮ ಕೈ ಅಂದ್ರಿ. ನಾನು ಅದನ್ನ ನಂಬೀನಿ. ನಂಬಲಿಲ್ಲಂದ್ರ ಭಾವಾರ ಮುಖ ನೆನಪಾಗಿ ನಿದ್ದಿ ಬರಂಗಿಲ್ರಿ."

ಕೂಡ್ಲಿಗಿ ಬಸ್ಸು ಬಂತು. ಜನರ ನಡುವೆ ಡಬ್ಬಿಯನ್ನು ಎದೆಗವಚಿಕೊಂಡು ಹತ್ತಿದಳು. ಮತ್ತೆ ನೋಡಲಿಲ್ಲ.

ಕೆಲವು ವರ್ಷಗಳ ನಂತರ, ಆಕೆ ತೀರಿಕೊಂಡಳೆಂದು ಯಾರೋ ಹೇಳಿದರು. ಯಾರೋ ಹೇಳಿದ್ದನ್ನು ನಂಬುವ ಅಭ್ಯಾಸ ನನಗಿಲ್ಲ. ಗುಡೇಕೋಟೆಯ ಆಚೆ, ಗುಡ್ಡಗಳ ನಡುವಿನ ಹಳ್ಳಿಯೊಂದರಲ್ಲಿ ಆಕೆ ಕೆಲಸ ಮಾಡುತ್ತಿದ್ದ ಆರೋಗ್ಯ ಉಪಕೇಂದ್ರವನ್ನು ಹುಡುಕಿಕೊಂಡು ಹೋದೆ. ಸುದ್ದಿ ನಿಜವಾಗಿತ್ತು, ಜ್ವರವಂತೆ, ಮೂರೇ ದಿನವಂತೆ. ಆ ಜಾಗಕ್ಕೆ ಬಂದಿದ್ದ ಹೊಸ ಹುಡುಗಿ ನನ್ನನ್ನು ಸಂಬಂಧಿಕನೆಂದು ತಿಳಿದು ಕುರ್ಚಿ ಹಾಕಿದಳು. "ಅಕ್ಕಾರ ಬರೆದಿದ್ದು" ಎಂದು ಹೆರಿಗೆಯ ರಿಜಿಸ್ಟರು ತಂದು ಮುಂದಿಟ್ಟಳು. ಮಗುವಿನ ತೂಕ, ತಾಯಿಯ ಹೆಸರು, ಪ್ರತಿ ಸಾಲಿನ ಕೊನೆಗೆ ಹೆರಿಗೆ ಮಾಡಿಸಿದವರ ಸಹಿ.

ಕೊಟ್ರಮ್ಮ ಎಂಬ ಸಹಿ ಇದ್ದ ಸಾಲುಗಳನ್ನು ಬೆರಳಿಟ್ಟು ಎಣಿಸಿದೆ. ಸಂಶಯ ಬಂದು ಮೊದಲಿನಿಂದ ಇನ್ನೊಮ್ಮೆ ಎಣಿಸಿದೆ. ಎರಡು ಸಲವೂ ಮುನ್ನೂರ ಹನ್ನೊಂದು.